ಭಾನುವಾರ ರಾತ್ರಿಯ ಊಟಕ್ಕೆ ಎಚ್ಚರವಾಗಿರಬೇಕು: ಕಿಣ್ವ ಸಮ್ಮೇಳನಕ್ಕೆ ಹೋದ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ಪ್ರಕರಣ ಹೀಗಿದೆ. ಬೆಂಗಳೂರಿನ ಒಂದು ಜೀವರಸಾಯನ ವಿಭಾಗದ ಪಿಎಚ್‌ಡಿ ವಿದ್ಯಾರ್ಥಿನಿ. ಕೆಲಸದ ನಾಲ್ಕನೇ ವರ್ಷ, ಊರು ತೀರ್ಥಹಳ್ಳಿ ಕಡೆ. ಪಾಸ್‌ಪೋರ್ಟ್ ಹೊಸದು, ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. 2019ರ ಜುಲೈನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವಾಟರ್‌ವಿಲ್ ವ್ಯಾಲಿಯಲ್ಲಿ ನಡೆಯಲಿದ್ದ ಕಿಣ್ವಗಳ (ಎನ್‌ಜೈಮ್, ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು) ಗೋರ್ಡನ್ ರಿಸರ್ಚ್ ಕಾನ್ಫರೆನ್ಸಿಗೆ ಅವಳು ತನ್ನ ಸಂಶೋಧನೆಯನ್ನು ಒಂದೇ ದೊಡ್ಡ ಹಾಳೆಯಲ್ಲಿ ತೋರಿಸುವ ಪೋಸ್ಟರ್ ಒಯ್ಯಬೇಕಿತ್ತು. ಸಮ್ಮೇಳನದ ಪೂರ್ತಿ ಹೆಸರು 'ಎನ್‌ಜೈಮ್ಸ್, ಕೋಎನ್‌ಜೈಮ್ಸ್ ಆ್ಯಂಡ್ ಮೆಟಬಾಲಿಕ್ ಪಾಥ್‌ವೇಸ್'. ನಮ್ಮ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ಅದು ಬರೀ 'ಜಿಆರ್‌ಸಿ'. ನಾನು ಅವಳ ಮಾರ್ಗದರ್ಶಕಿ. ಆ ಪ್ರಯಾಣದ ಕಡತ ಇನ್ನೂ ನನ್ನ ಬೀರುವಿನಲ್ಲಿದೆ. ಆಮೇಲೆ ಹೊರದೇಶದ ಸಮ್ಮೇಳನಕ್ಕೆ ಹೊರಟ ಹುಡುಗ ಹುಡುಗಿಯರೆಲ್ಲ ಅದನ್ನು ಎರವಲು ಒಯ್ಯುತ್ತಾರೆ, ವಾಪಸ್ ತಂದಿಡುವಾಗ ಒಂದೆರಡು ಹಾಳೆ ಕಡಿಮೆಯಾಗಿರುತ್ತವೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಅವಳ ಗುರುತು ಸಿಗಬಾರದೆಂದು ಹೆಸರನ್ನೂ ಅವಳ ಕಿಣ್ವದ ಹೆಸರನ್ನೂ ಬಿಟ್ಟಿದ್ದೇನೆ.

ಜಿಆರ್‌ಸಿ ಎಂದರೇನು ಎಂದು ಮೊದಲು ಹೇಳಬೇಕು, ಏಕೆಂದರೆ ಮುಂದಿನ ತಯಾರಿಯೆಲ್ಲ ಅದರ ಸ್ವಭಾವದಿಂದಲೇ ಹುಟ್ಟಿದ್ದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ನೀಲ್ ಗೋರ್ಡನ್ ಬೇಸಿಗೆಯಲ್ಲಿ ಸಣ್ಣ ಗುಂಪುಗಳನ್ನು ಕೂಡಿಸಿ ಚರ್ಚೆ ನಡೆಸಲು ಶುರು ಮಾಡಿದ್ದು ಇದರ ಮೂಲ. ಸಂಸ್ಥೆ ತನ್ನ ಲೆಕ್ಕವನ್ನು 1931ರಿಂದ ಹಿಡಿಯುತ್ತದೆ. ಆಮೇಲೆ ಮೇರಿಲ್ಯಾಂಡಿನ ಗಿಬ್ಸನ್ ದ್ವೀಪದಲ್ಲಿ ಸಭೆಗಳು ನಡೆದವು, 1947ರಲ್ಲಿ ನ್ಯೂ ಹ್ಯಾಂಪ್‌ಷೈರಿಗೆ ಬಂದವು. ಊರಿಂದ ದೂರ, ಎಲ್ಲರೂ ಒಂದೇ ಕಡೆ ವಾಸ, ಒಂದೇ ಕಡೆ ಊಟ, ಹೊರಗೆ ಹೋಗಿ ಯಾರೂ ಏನೂ ವರದಿ ಮಾಡುವಂತಿಲ್ಲ. ಅಂದಿನಿಂದ ಇಂದಿನವರೆಗೂ ಕ್ರಮ ಇದೇ. ಭಾಗವಹಿಸುವವರು ಸುಮಾರು ಇನ್ನೂರು ಜನ. ದೊಡ್ಡ ಸಮ್ಮೇಳನಗಳಲ್ಲಿ ಐದಾರು ಸಭಾಂಗಣಗಳಲ್ಲಿ ಒಟ್ಟೊಟ್ಟಿಗೆ ಭಾಷಣ ನಡೆಯುತ್ತಿರುತ್ತವೆ, ಯಾವುದಕ್ಕೆ ಹೋಗುವುದೆಂದು ಓಡಾಡುತ್ತೇವೆ. ಇಲ್ಲಿ ಸಭಾಂಗಣ ಒಂದೇ. ಹಳೆಯ ಕಾಲದ ಐದು ದಿನದ ಮದುವೆ ಮನೆಯ ಹಾಗೆ: ಬಂದವರು ಬಂದಲ್ಲೇ ಇರುತ್ತಾರೆ, ಮೊದಲ ದಿನ ಮುಖ ತಿರುಗಿಸಿದವರೂ ಮೂರನೇ ದಿನ ಪಕ್ಕದಲ್ಲಿ ಕೂತು ಉಣ್ಣಲೇಬೇಕು.

ಹೀಗಾಗಿ ನನ್ನ ಲೆಕ್ಕಾಚಾರ ಸರಳವಾಗಿತ್ತು. ಇಂಥ ಕಡೆ ಭಾಷಣ ಕೇಳುವುದಕ್ಕಿಂತ ಊಟದ ಮೇಜಿನಲ್ಲಿ, ಪೋಸ್ಟರಿನ ಮುಂದೆ, ಮಧ್ಯಾಹ್ನದ ನಡಿಗೆಯಲ್ಲಿ ಸಿಗುವುದೇ ಹೆಚ್ಚು. ಅಲ್ಲಿ ಅವಳು ಮೈಯಲ್ಲಿ ಎಚ್ಚರ, ತಲೆಯಲ್ಲಿ ಚುರುಕು ಇಟ್ಟುಕೊಂಡು ಇರಬೇಕು. ವೀಸಾ, ಟಿಕೆಟ್, ಬಟ್ಟೆ, ಬುತ್ತಿ ಎಲ್ಲವನ್ನೂ ಆ ಒಂದು ಗುರಿಯಿಂದ ಹಿಂದಕ್ಕೆ ಎಣಿಸಿಕೊಂಡು ಬಂದೆವು.

ಅರ್ಜಿ ಮತ್ತು ಹಣ

ಜಿಆರ್‌ಸಿಗೆ ಹಣ ಕಟ್ಟಿದ ಮಾತ್ರಕ್ಕೆ ಪ್ರವೇಶ ಸಿಗುವುದಿಲ್ಲ. ಮೊದಲು ಅರ್ಜಿ ಹಾಕಬೇಕು, ಆ ವರ್ಷದ ಸಮ್ಮೇಳನದ ಅಧ್ಯಕ್ಷರು ಅದನ್ನು ನೋಡಿ ಒಪ್ಪಬೇಕು, ಆಮೇಲಷ್ಟೇ ನೋಂದಣಿ. ಅರ್ಜಿಗೆ ಕೊನೆಯ ದಿನ ಸಾಮಾನ್ಯವಾಗಿ ಸಮ್ಮೇಳನಕ್ಕೆ ಸುಮಾರು ನಾಲ್ಕು ವಾರ ಮೊದಲು. ಅಮೆರಿಕದಲ್ಲೇ ಇರುವವರಿಗೆ ಅದು ಸಾಕು. ಚೆನ್ನೈಗೆ ಹೋಗಿ ವೀಸಾ ಸಂದರ್ಶನ ಕೊಟ್ಟು ಬರಬೇಕಾದ ನಮಗೆ ಆ ತಾರೀಖು ಇದ್ದೂ ಇಲ್ಲದ ಹಾಗೆ. ಅವಳು ಸಂಕ್ರಾಂತಿ ಮುಗಿದ ಮೇಲೆ, ಜನವರಿಯಲ್ಲೇ ಅರ್ಜಿ ಹಾಕಿದಳು. ನೀವು ಈ ಸಮ್ಮೇಳನಕ್ಕೆ ಏನು ತರುತ್ತೀರಿ ಎಂದು ಕೇಳುವ ಜಾಗದಲ್ಲಿ ಮೊದಲ ಕರಡಿನಲ್ಲಿ 'ಖ್ಯಾತ ವಿಜ್ಞಾನಿಗಳಿಂದ ಕಲಿಯುವ ಅವಕಾಶ' ಎಂದು ಬರೆದಿದ್ದಳು. ನಾನು ಅದನ್ನು ಹೊಡೆದುಹಾಕಿಸಿದೆ. ತನ್ನ ಕಿಣ್ವದಲ್ಲಿ ಕಂಡ ಒಂದು ವಿಚಿತ್ರ ಫಲಿತಾಂಶವನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದಳು. ಒಪ್ಪಿಗೆ ಬಂತು.

ನೋಂದಣಿ ಶುಲ್ಕ ಆಗ ಸಾವಿರ ಡಾಲರಿನ ಆಸುಪಾಸು ಇತ್ತು. ಕೇಳಿದಾಗ ಅವಳಿಗೆ ಎದೆ ಧಸಕ್ಕೆಂದಿತು. ಆದರೆ ಅದರಲ್ಲಿ ಭಾನುವಾರದಿಂದ ಶುಕ್ರವಾರದವರೆಗಿನ ವಸತಿ, ಮೂರು ಹೊತ್ತಿನ ಊಟ ಎಲ್ಲ ಸೇರಿರುತ್ತದೆ. ಕೋಣೆ ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ಲೆಕ್ಕದ್ದು, ಒಬ್ಬರೇ ಇರಬೇಕೆಂದರೆ ಹೆಚ್ಚು ಕೊಡಬೇಕು. ವಿದ್ಯಾರ್ಥಿಗಳ ಶುಲ್ಕದಲ್ಲಿ ಒಂದಿಷ್ಟನ್ನು ಭರಿಸಲು ಅಧ್ಯಕ್ಷರ ಕೈಯಲ್ಲಿ ಸ್ವಲ್ಪ ನಿಧಿ ಇರುತ್ತದೆ. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಸಿಗುವುದಿಲ್ಲ. ನಮ್ಮ ಮಕ್ಕಳಿಗೆ ಕೇಳುವುದಕ್ಕೆ ಸಂಕೋಚ. ಅವಳು ವಾರಗಟ್ಟಲೆ ಹಿಂದೆಮುಂದೆ ನೋಡಿ ಕೊನೆಗೆ ನಾಲ್ಕು ಸಾಲಿನ ಇಮೇಲ್ ಬರೆದಳು. ಅರ್ಧ ಶುಲ್ಕ ಮಾಫಿಯಾಯಿತು.

ವಿಮಾನದ ಖರ್ಚಿಗೆ ದೇಶದೊಳಗಿನ ಪ್ರಯಾಣ ಅನುದಾನಕ್ಕೆ ಅರ್ಜಿ ಹಾಕಿದೆವು. ಸಿಕ್ಕಿತು. ಯಾವ ಸಂಸ್ಥೆ ಎಂದು ಹೇಳುವುದಿಲ್ಲ, ಏಕೆಂದರೆ ಅದರ ಬಿಲ್ಲಿನ ಕಥೆ ಮುಂದೆ ಬರಲಿದೆ.

ಕೆಲವು ವಿಷಯಗಳಲ್ಲಿ ಮುಖ್ಯ ಸಮ್ಮೇಳನಕ್ಕಿಂತ ಮೊದಲು, ಶನಿವಾರ ಭಾನುವಾರ, ವಿದ್ಯಾರ್ಥಿಗಳೂ ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸುವ ಪೋಸ್ಟ್‌ಡಾಕ್‌ಗಳೂ ತಾವೇ ನಡೆಸುವ ಗೋರ್ಡನ್ ರಿಸರ್ಚ್ ಸೆಮಿನಾರ್ ಇರುತ್ತದೆ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ನಿಮ್ಮ ವಿಷಯದಲ್ಲಿ ಅದು ಇದ್ದರೆ, ಮೊದಲ ಸಲ ಹೋಗುವವರು ಬಿಡಬಾರದು. ಪ್ರಾಧ್ಯಾಪಕರು ಬಂದಿಳಿಯುವ ಹೊತ್ತಿಗೆ ನಿಮಗೆ ಆಗಲೇ ಹತ್ತಿಪ್ಪತ್ತು ಮುಖ ಪರಿಚಯವಾಗಿರುತ್ತದೆ.

ಚೆನ್ನೈ

ವೀಸಾ ಬಗೆ ಬಿ-1. ಸಮ್ಮೇಳನಕ್ಕೆ ಅದು ಸಾಕು, ಸಂಬಳ ತೆಗೆದುಕೊಳ್ಳುವಂತಿಲ್ಲ ಅಷ್ಟೆ. ಡಿಎಸ್-160 ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು, ಕರ್ನಾಟಕದವರ ಸಂದರ್ಶನ ಚೆನ್ನೈ ಕಾನ್ಸುಲೇಟಿನಲ್ಲಿ. ಬೆರಳಚ್ಚು ಮತ್ತು ಫೋಟೊಕ್ಕೆ ಬೇರೆ ಕಚೇರಿ, ಬೇರೆ ಸಮಯ. ಹೀಗಾಗಿ ಎರಡು ದಿನ ಇಟ್ಟುಕೊಂಡೇ ರೈಲು ಹತ್ತಬೇಕು.

ಜೀವವಿಜ್ಞಾನದವರು ಹೆದರುವುದು ನಿರಾಕರಣೆಗಿಂತ ಹೆಚ್ಚಾಗಿ 221(ಜಿ) ಚೀಟಿಗೆ. ಸದ್ಯಕ್ಕೆ ವೀಸಾ ಕೊಟ್ಟಿಲ್ಲ, ಇನ್ನಷ್ಟು ಪರಿಶೀಲನೆ ಬೇಕು ಎನ್ನುವ ಅರ್ಥ ಅದಕ್ಕೆ. ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ಬ್ಯಾಕ್ಟೀರಿಯಾ, ವಿಷ, ರೋಗಾಣು ಎಂಬ ಪದಗಳು ಕಿವಿಗೆ ಬಿದ್ದರೆ ಅಧಿಕಾರಿ ಎಚ್ಚರಗೊಳ್ಳುವುದು ಸಹಜ. ಸುಳ್ಳು ಹೇಳಬಾರದು, ಹೇಳಬೇಕಾಗಿಯೂ ಇಲ್ಲ. ಆದರೆ ಪ್ರಬಂಧದ ಶೀರ್ಷಿಕೆಯನ್ನು ಗಿಳಿಪಾಠ ಒಪ್ಪಿಸುವ ಬದಲು ನಿಜವನ್ನೇ ನೆಟ್ಟಗೆ ಹೇಳಬಹುದಲ್ಲ. ಅವಳ ಕಿಣ್ವ ಪಿಎಲ್‌ಪಿ ಎಂಬ ಸಹಕಿಣ್ವವನ್ನು, ಅಂದರೆ ಕಿಣ್ವಕ್ಕೆ ಕೆಲಸದಲ್ಲಿ ನೆರವಾಗುವ ಸಣ್ಣ ಅಣುವನ್ನು, ಬಳಸುತ್ತದೆ. ಪಿಎಲ್‌ಪಿ ಬರುವುದು ವಿಟಮಿನ್ ಬಿ6ರಿಂದ. 'ವಿಟಮಿನ್ ಬಿ6 ಪ್ರೋಟೀನಿನೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುತ್ತೇನೆ' ಎಂಬ ಒಂದು ವಾಕ್ಯವನ್ನು ಅವಳು ರೈಲಿನಲ್ಲಿ ಹೇಳಿಕೊಂಡು ಹೇಳಿಕೊಂಡು ಹೋದಳು. ಜೊತೆಯಲ್ಲಿ ಸಮ್ಮೇಳನದ ಆಹ್ವಾನ ಪತ್ರ, ನೋಂದಣಿ ರಸೀದಿ, ಪ್ರಕಟಿತ ಲೇಖನಗಳ ಪಟ್ಟಿ, ವಿಭಾಗದ ಪತ್ರ ಇದ್ದವು. ವಾಪಸ್ ಬಂದು ಪಿಎಚ್‌ಡಿ ಮುಗಿಸಬೇಕಿದೆ ಎಂದು ಆ ವಿಭಾಗದ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ವಲಸೆ ಹೋಗುವ ಉದ್ದೇಶ ನಿಮಗಿಲ್ಲ ಎಂದು ತೋರಿಸುವ ಹೊಣೆ ನಿಮ್ಮದೇ, ಅಲ್ಲಿನ ಕಾನೂನು ಹಾಗಿದೆ. ಸಂದರ್ಶನ ಕಾಫಿ ಕುಡಿಯುವಷ್ಟು ಹೊತ್ತೂ ಆಗಲಿಲ್ಲವಂತೆ. ವೀಸಾ ಬಂತು.

ಟಿಕೆಟ್, ಮತ್ತು ಮೈಯ ಗಡಿಯಾರ

ಆಗ ಏರ್ ಇಂಡಿಯಾ ಇನ್ನೂ ಸರ್ಕಾರದ್ದು. ಸರ್ಕಾರಿ ಹಣದಲ್ಲಿ ಹೋಗುವವರು ಅದರಲ್ಲೇ ಹೋಗಬೇಕೆಂಬ ನಿಯಮ. ಬಾಸ್ಟನ್ನಿಗೆ ಅದರ ನೇರ ವಿಮಾನ ಇರಲಿಲ್ಲ, ಆದ್ದರಿಂದ ದೆಹಲಿ ಮೂಲಕ ನ್ಯೂಯಾರ್ಕ್. ಅದರ ಜೊತೆಗೆ ಆ ವರ್ಷದ ಇನ್ನೊಂದು ತೊಡಕು. ಫೆಬ್ರುವರಿಯ ಕೊನೆಯಲ್ಲಿ ಮುಚ್ಚಿದ ಪಾಕಿಸ್ತಾನದ ವಾಯುಪ್ರದೇಶ ಜುಲೈ ಮಧ್ಯದವರೆಗೂ ತೆರೆಯಲಿಲ್ಲ. ದೆಹಲಿಯಿಂದ ಅಮೆರಿಕಕ್ಕೆ ಹೊರಟ ವಿಮಾನಗಳು ಸುತ್ತುಬಳಸಿ ಹೋಗಿ, ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂದೆ ಸಾಗುತ್ತಿದ್ದವು. ನಾವು ಟಿಕೆಟ್ ಕಾಯ್ದಿರಿಸಿದ ಮೇ ತಿಂಗಳಲ್ಲಿ ಇದು ಯಾವಾಗ ಸರಿಹೋಗುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಅವಳು ಮೊದಲು ಆರಿಸಿದ ಟಿಕೆಟ್ ಶನಿವಾರ ರಾತ್ರಿ ತಲುಪುವಂಥದ್ದು. ಅಗ್ಗವೂ ಇತ್ತು. ನಾನು ಕಾಗದದ ಮೇಲೆ ಎರಡು ಸಾಲು ಬರೆದು ತೋರಿಸಿದೆ. ಜುಲೈನಲ್ಲಿ ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಜಿಆರ್‌ಸಿಯಲ್ಲಿ ಪೋಸ್ಟರ್ ಹೊತ್ತು ಸಂಜೆ 4ರಿಂದ 6, ಅಂದರೆ ಬೆಂಗಳೂರಿನ ನಡುರಾತ್ರಿ ಒಂದೂವರೆಯಿಂದ ಮೂರೂವರೆ. ರಾತ್ರಿಯ ಭಾಷಣಗಳು 7:30ರಿಂದ 9:30, ಅಂದರೆ ನಮ್ಮ ಬೆಳಗಿನ ಜಾವ ಐದರಿಂದ ಏಳು. ನಾಲ್ಕು ವರ್ಷದ ಕೆಲಸವನ್ನು ಜಗತ್ತಿನ ಮುಂದೆ ಇಡುವ ಎರಡು ಗಂಟೆ, ಮೈ ಇನ್ನೂ ಬೆಂಗಳೂರಿನಲ್ಲೇ ಇದ್ದರೆ, ಅವಳು ಗಾಢನಿದ್ದೆಯಲ್ಲಿರುವ ಹೊತ್ತು. 'ಮೇಡಂ, ಕಾಫಿ ಕುಡಿದ್ರಾಯ್ತಲ್ಲ' ಅಂದಳು. ಕಾಫಿ ಕಣ್ಣು ತೆರೆಸುತ್ತದೆ, ಪ್ರಶ್ನೆ ಅರ್ಥ ಮಾಡಿಸುವುದಿಲ್ಲ.

ಹೊರಡುವುದನ್ನು ಬುಧವಾರಕ್ಕೆ ಹಿಂದಕ್ಕೆ ತಂದೆವು. ನ್ಯೂ ಜೆರ್ಸಿಯಲ್ಲಿ ಅವಳ ಸೋದರತ್ತೆ ಇದ್ದರು. ಆ ಕಡೆ ನೆಂಟರಿಲ್ಲದ ಕನ್ನಡದ ಮನೆ ಹುಡುಕುವುದೇ ಕಷ್ಟ. ಅಲ್ಲಿ ಎರಡು ರಾತ್ರಿ. ಅತ್ತೆಗೆ ನಾನೇ ಫೋನು ಮಾಡಿ, ಹಗಲು ಮಲಗಲು ಬಿಡಬೇಡಿ, ಬೆಳಗ್ಗೆ ಬಿಸಿಲಿಗೆ ಕಳಿಸಿ ಎಂದು ಹೇಳಿದ್ದೆ. ಮೈಯ ಗಡಿಯಾರ ಹೊಸ ಊರಿಗೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು, ಬೆಳಕೇ ಅದಕ್ಕೆ ಮುಖ್ಯ ಕೀಲಿ. ಎರಡು ದಿನದಲ್ಲಿ ಪೂರ್ತಿ ಸರಿಹೋಗುವುದಿಲ್ಲ ನಿಜ. ಆದರೆ ಅತಿ ಕೆಟ್ಟ ಎರಡು ರಾತ್ರಿಗಳನ್ನು ಅತ್ತೆ ಮನೆಯಲ್ಲಿ ಕಳೆದುಬಿಟ್ಟರೆ, ಸಮ್ಮೇಳನದ ಲೆಕ್ಕಕ್ಕೆ ಅವು ಬರುವುದಿಲ್ಲ. 'ಮಗು ಸುಸ್ತಾಗಿದೆ' ಎಂದು ಅತ್ತೆ ಅವಳನ್ನು ಮಧ್ಯಾಹ್ನ ಮಲಗಿಸಿದ್ದರಂತೆ, ಆ ಮಾತು ಬೇರೆ.

ಶನಿವಾರ ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ ಬಸ್, ನಾಲ್ಕೈದು ಗಂಟೆ ಹಾದಿ. ಅಲ್ಲೊಂದು ರಾತ್ರಿ. ಭಾನುವಾರ ಬಾಸ್ಟನ್ನಿನ ಲೋಗನ್ ವಿಮಾನ ನಿಲ್ದಾಣದಿಂದ ಸಮ್ಮೇಳನದವರ ಬಸ್ಸು, ಅದಕ್ಕೆ ಮೊದಲೇ ಸೀಟು ಕಾಯ್ದಿರಿಸಬೇಕು. ವಾಟರ್‌ವಿಲ್ ವ್ಯಾಲಿ ಬಾಸ್ಟನ್ನಿನಿಂದ ಇನ್ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ, ವೈಟ್ ಮೌಂಟನ್ಸ್ ಬೆಟ್ಟಗಳ ನಡುವೆ. ಹೆದ್ದಾರಿ 93 ಬಿಟ್ಟು ಕ್ಯಾಂಪ್ಟನ್ ಬಳಿ ತಿರುಗಿ, ಮ್ಯಾಡ್ ನದಿಯ ಪಕ್ಕದ ರಸ್ತೆ 49ರಲ್ಲಿ ಒಳಗೆ ಹೋಗಬೇಕು. ಆ ರಸ್ತೆಯಲ್ಲಿ ಸಾರ್ವಜನಿಕ ಬಸ್ಸು ಇಲ್ಲ. ಲೋಗನ್ನಿನಿಂದ ಕಾಂಕರ್ಡ್ ಕೋಚ್ ಬಸ್ಸು ಹಿಡಿದರೆ ಹತ್ತಿರದ ಪ್ಲಿಮತ್ ಊರಿನವರೆಗೆ ಬರಬಹುದು, ಅಲ್ಲಿಂದ ಮುಂದೆ ಟ್ಯಾಕ್ಸಿಯನ್ನೋ ಪುಣ್ಯಾತ್ಮರ ಕಾರನ್ನೋ ನಂಬಬೇಕು. ಸಮ್ಮೇಳನದ ಬಸ್ಸು ತಪ್ಪಿದರೆ ಭಾನುವಾರದ ಊಟವೂ ತಪ್ಪಿತು. ಮೊದಲ ಸಲ ಹೋಗುವವರಿಗೆ ಆ ಊಟ ಏಕೆ ಮುಖ್ಯ ಎಂದರೆ, ಗುಂಪುಗಳು ಕಟ್ಟಿಕೊಳ್ಳುವುದೇ ಅಂದು. ಸೋಮವಾರ ಬೆಳಗ್ಗೆ ಬಂದವರು ವಾರವಿಡೀ 'ಇಲ್ಲಿ ಕೂರಬಹುದಾ' ಎಂದು ಕೇಳುತ್ತಿರುತ್ತಾರೆ.

ವಾಪಸ್ ಬರುವಾಗಿನ ಮಾತು ಚಿಕ್ಕದು. ಶುಕ್ರವಾರ ತಿಂಡಿ ಮುಗಿದರೆ ಸಮ್ಮೇಳನ ಮುಗಿಯಿತು. ಬಾಸ್ಟನ್ನಿನಿಂದ ಮಧ್ಯಾಹ್ನಕ್ಕೆ ಮೊದಲಿನ ಯಾವ ವಿಮಾನವನ್ನೂ ನಂಬಬೇಡಿ.

ಪೆಟ್ಟಿಗೆ

ಪೋಸ್ಟರನ್ನು ಬಟ್ಟೆಯ ಮೇಲೆ ಮುದ್ರಿಸಿದೆವು. ಕೊಳವೆಯಲ್ಲಿ ಸುತ್ತಿದ ಕಾಗದದ ಪೋಸ್ಟರ್ ವಿಮಾನದಿಂದ ವಿಮಾನಕ್ಕೆ ಬದಲಾಗುವಲ್ಲಿ ಕಳೆದುಹೋಗುವುದು ಹೊಸದಲ್ಲ. ಬಟ್ಟೆಯದಾದರೆ ಸೀರೆಯ ಹಾಗೆ ಮಡಚಿ ಕೈಚೀಲದಲ್ಲಿಡಬಹುದು. ಪೋಸ್ಟರಿನ ಕೆಳಮೂಲೆಯಲ್ಲಿ ಒಂದು ಸಣ್ಣ ಚೌಕ ಮಾಡಿಸಿದ್ದೆ: ಉಷ್ಣತೆ, ಪಿಎಚ್ (ಆಮ್ಲ-ಕ್ಷಾರದ ಅಳತೆ), ಪಿಎಚ್ ಏರುಪೇರಾಗದಂತೆ ಹಿಡಿದಿಡುವ ಬಫರ್ ಯಾವುದು ಎಷ್ಟು, ಕಿಣ್ವದ ಸಾಂದ್ರತೆ. ಕಿಣ್ವದ ವೇಗವನ್ನು ಹೇಳುವವರು ಈ ನಾಲ್ಕನ್ನು ಹೇಳದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಜರ್ಮನಿಯ ಬೈಲ್‌ಸ್ಟೈನ್ ಸಂಸ್ಥೆ ಸ್ಟ್ರೆಂಡಾ ಎಂಬ ಹೆಸರಿನಲ್ಲಿ ಇದಕ್ಕಾಗಿಯೇ ಮಾರ್ಗಸೂಚಿ ಮಾಡಿಸಿದೆ, ಹಲವು ಪತ್ರಿಕೆಗಳು ಅದನ್ನು ಪಾಲಿಸಿ ಎಂದು ಲೇಖಕರಿಗೆ ಹೇಳುತ್ತವೆ. ಆದರೂ 25 ಡಿಗ್ರಿಯಲ್ಲಿ ಅಳೆದದ್ದನ್ನು 37 ಡಿಗ್ರಿಯಲ್ಲಿ ಅಳೆದದ್ದರ ಪಕ್ಕ ಇಟ್ಟು ಹೋಲಿಸುವ ಪೋಸ್ಟರ್‌ಗಳಿಗೆ ಇವತ್ತಿಗೂ ಬರವಿಲ್ಲ.

ಅಲ್ಲಿನ ಒಬ್ಬ ಪೋಸ್ಟ್‌ಡಾಕ್ ಅವಳಿಗೆ ಇಮೇಲ್ ಮಾಡಿ, ಬರುವಾಗ ನಿಮ್ಮ ಕಿಣ್ವ ಸ್ವಲ್ಪ ತನ್ನಿ ಎಂದು ಕೇಳಿದ್ದರು. ಬೇಡ ಎಂದೆ. ಪೆಟ್ಟಿಗೆಯಲ್ಲಿ ಒಂದು ಸಣ್ಣ ಟ್ಯೂಬು ಯಾರಿಗೂ ಕಾಣುವುದಿಲ್ಲ ಎಂದು ಒಯ್ಯುವವರು ಇದ್ದಾರೆ. ಜೈವಿಕ ವಸ್ತು ಎಂದು ಘೋಷಿಸದೆ ಸಿಕ್ಕಿಬಿದ್ದರೆ ಟ್ಯೂಬಿನ ಜೊತೆ ವೀಸಾವೂ ಹೋಗಬಹುದು. ಎರಡು ಸಂಸ್ಥೆಗಳ ನಡುವೆ ಒಪ್ಪಂದ ಮಾಡಿಕೊಂಡು, ಕಾಗದಪತ್ರ ಸಮೇತ ಕೊರಿಯರಿನಲ್ಲಿ ಕಳಿಸುವುದು ಸರಿಯಾದ ದಾರಿ. ಆಮೇಲೆ ಹಾಗೇ ಕಳಿಸಿದೆವು.

ಬುತ್ತಿಯ ವಿಷಯದಲ್ಲಿ ಅವಳ ಅಮ್ಮನದೇ ಮೇಲುಗೈ. ಚಟ್ನಿಪುಡಿ, ಹುರಿದ ಅವಲಕ್ಕಿ, ಕೋಡುಬಳೆ. ಪುಡಿ, ಕರಿದ ತಿಂಡಿಗೆ ಅಡ್ಡಿಯಿಲ್ಲ, ಆದರೆ ತಿನ್ನುವ ಪದಾರ್ಥ ಇದೆ ಎಂದು ಕಸ್ಟಮ್ಸಿನಲ್ಲಿ ಹೇಳಲೇಬೇಕು. ತೋಟದ ಹಸಿ ಕರಿಬೇವಿನ ಒಂದು ಕಟ್ಟನ್ನು ಮಾತ್ರ ತೆಗೆಸಿದೆ. ಕಿತ್ತಳೆ, ನಿಂಬೆ ಗಿಡಗಳಿಗೆ ಹಸಿರುರೋಗ ಹರಡುವ ಕೀಟ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ, ಹಾಗಾಗಿ ಅಮೆರಿಕ ಅದನ್ನು ಒಳಗೆ ಬಿಡುವುದಿಲ್ಲ. 'ನಮ್ಮನೆ ಕರಿಬೇವಿಗೆ ಯಾವ ರೋಗಾನೂ ಇಲ್ಲ' ಎಂದು ಅಮ್ಮ ಬೇಸರಪಟ್ಟರಂತೆ.

ಬಟ್ಟೆಯಲ್ಲಿ ಅವಳು ಇಟ್ಟುಕೊಂಡಿದ್ದು ಮೂರು ರೇಷ್ಮೆಯಂಚಿನ ಕುರ್ತಾ. ಅಲ್ಲಿ ನೊಬೆಲ್ ಮಟ್ಟದವರೂ ಅರ್ಧ ಚಡ್ಡಿಯಲ್ಲಿ ಬಂದು ಕೂರುತ್ತಾರೆ. ಬೇಕಾದ್ದು ಬೆಟ್ಟ ಹತ್ತುವ ಶೂ, ಒಂದು ಸ್ವೆಟರ್ (ಜುಲೈನಲ್ಲೂ ಕಣಿವೆಯ ರಾತ್ರಿ ತಂಪು), ಮಳೆಗೆ ತೆಳ್ಳನೆ ಜಾಕೆಟ್, ಕಾಲು ಮುಚ್ಚುವ ಪ್ಯಾಂಟು. ಆ ಕಾಡಿನ ಉಣ್ಣಿಹುಳಗಳು (ಉಣುಗು) ಲೈಮ್ ಎಂಬ ರೋಗ ಹರಡುತ್ತವೆ. ನಡಿಗೆಯಿಂದ ಬಂದ ಮೇಲೆ ಮೊಣಕಾಲಿನ ಹಿಂದೆ, ತಲೆಗೂದಲಲ್ಲಿ ನೋಡಿಕೊಳ್ಳಬೇಕು. ಮಲೆನಾಡಿನ ಹುಡುಗಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಪ್ರಯಾಣ ವಿಮೆ ಮಾಡಿಸಿ. ವೀಸಾಕ್ಕೆ ಬೇಡದಿದ್ದರೂ ಅಲ್ಲಿನ ಆಸ್ಪತ್ರೆ ಬಿಲ್ಲಿಗೆ ಬೇಕು.

ಕೊನೆಯದಾಗಿ ಒಂದು ದಪ್ಪ ನೋಟ್‌ಬುಕ್ಕು.

ಆ ವಾರ

ನೋಟ್‌ಬುಕ್ಕು ಏಕೆಂದರೆ ಜಿಆರ್‌ಸಿಯಲ್ಲಿ ಸ್ಲೈಡುಗಳ, ಪೋಸ್ಟರುಗಳ ಫೋಟೊ ತೆಗೆಯುವಂತಿಲ್ಲ, ಧ್ವನಿಮುದ್ರಣ ಮಾಡುವಂತಿಲ್ಲ. ಅಲ್ಲಿ ಕೇಳಿದ್ದು ಖಾಸಗಿ ಮಾತು, ಹೇಳಿದವರ ಒಪ್ಪಿಗೆಯಿಲ್ಲದೆ ಎಲ್ಲೂ ಬಳಸುವಂತಿಲ್ಲ. ಸಮ್ಮೇಳನದ ನಡಾವಳಿ ಪುಸ್ತಕವೂ ಇಲ್ಲ. ಇದರಿಂದಾಗಿಯೇ ಜನ ಇನ್ನೂ ಪ್ರಕಟವಾಗದ, ಅರ್ಧ ಬೆಂದ ಫಲಿತಾಂಶಗಳನ್ನು ಧೈರ್ಯವಾಗಿ ತೋರಿಸುತ್ತಾರೆ. ನಮ್ಮ ಮಕ್ಕಳಿಗೆ ಸ್ಲೈಡು ಬಂದ ತಕ್ಷಣ ಮೊಬೈಲು ಎತ್ತುವುದು ಚಟವಾಗಿಬಿಟ್ಟಿದೆ. ಬರೆದುಕೊಳ್ಳಬೇಕೆಂದಾಗ ಮಾತ್ರ ಯಾವುದು ಮುಖ್ಯ ಎಂದು ಆರಿಸಲೇಬೇಕಾಗುತ್ತದೆ.

ನಾವು ಏನನ್ನು ತೋರಿಸಬೇಕು ಎಂಬುದೂ ಯೋಚನೆಯೇ. ಸಮ್ಮೇಳನದ ಗೋಪ್ಯತೆ ಪರಸ್ಪರ ನಂಬಿಕೆಯದ್ದು, ಸಹಿ ಹಾಕಿದ ಕರಾರಲ್ಲ. ಪೇಟೆಂಟ್ ಮಾಡಬಹುದಾದ ಸಂಗತಿ ಇದ್ದರೆ ಅರ್ಜಿ ಹಾಕಿಯೇ ಹೊರಡಬೇಕು. ಭಾರತದ 1970ರ ಪೇಟೆಂಟ್ ಕಾಯ್ದೆಯ 31ನೇ ಕಲಮು ವಿದ್ವತ್ ಸಭೆಯ ಮುಂದೆ ಓದಿದ ಪ್ರಬಂಧಕ್ಕೆ ಹನ್ನೆರಡು ತಿಂಗಳ ವಿನಾಯಿತಿ ಕೊಡುತ್ತದೆ, ಆದರೆ ಯುರೋಪಿನಲ್ಲಿ ಆ ರಿಯಾಯಿತಿ ನಡೆಯುವುದಿಲ್ಲ. ನಮ್ಮದು ಅಂಥ ಸರಕಾಗಿರಲಿಲ್ಲ, ಎಲ್ಲ ತೋರಿಸು ಎಂದೆ.

ಅವಳಿಗೆ ಸಿಕ್ಕ ಕೋಣೆ ಅಡುಗೆಮನೆಯಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ. ಜೊತೆಗೆ ಬ್ರೆಜಿಲಿನಿಂದ ಬಂದ ಒಬ್ಬ ವಿದ್ಯಾರ್ಥಿನಿ. ಊಟ ಬಫೆ, ಸಸ್ಯಾಹಾರಿ ಎಂದು ನೋಂದಣಿಯಲ್ಲೇ ಬರೆದಿದ್ದರಿಂದ ತೊಂದರೆಯಾಗಲಿಲ್ಲ. ಗುರುವಾರ ರಾತ್ರಿಯ ಔತಣದಲ್ಲಿ ಲಾಬ್‌ಸ್ಟರ್ ಬಡಿಸುವುದು ನ್ಯೂ ಇಂಗ್ಲೆಂಡ್ ಕಡೆಯ ಜಿಆರ್‌ಸಿಗಳ ಹಳೆಯ ರೂಢಿ. ಇಡೀ ಮೇಜು ಸುತ್ತಿಗೆ ಹಿಡಿದು ಚಿಪ್ಪು ಒಡೆಯುತ್ತಿರುವಾಗ ಅವಳು ಪಾಸ್ತಾದ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ಕೂತಿದ್ದಳು. ಪುಡಿಯ ಡಬ್ಬಿ ಮೇಜು ಸುತ್ತಿ ಬರುವಷ್ಟರಲ್ಲಿ ಖಾಲಿಯಾಗಿತ್ತಂತೆ.

ಅವಳ ಇಡೀ ಪ್ರಯಾಣಕ್ಕೆ ಬೆಲೆ ತಂದ ಮಾತು ಸೋಮವಾರ ಮಧ್ಯಾಹ್ನದ ಊಟದ ಸಾಲಿನಲ್ಲಿ ಹುಟ್ಟಿತು. ಮುಂದೆ ನಿಂತಿದ್ದ ಹಿರಿಯರೊಬ್ಬರು ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ಪಿಎಲ್‌ಪಿ ಕಿಣ್ವ ಎಂದಳು. ಅವರ ಮರುಪ್ರಶ್ನೆ: ನಿನ್ನ ಪ್ರೋಟೀನಿನಲ್ಲಿ ಎಷ್ಟು ಪಾಲಿಗೆ ಪಿಎಲ್‌ಪಿ ನಿಜಕ್ಕೂ ಕೂತಿದೆ?

ಇದು ಹೊರಗಿನವರಿಗೆ ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಪಿಎಲ್‌ಪಿ ಕಿಣ್ವದೊಳಗಿನ ಲೈಸಿನ್ ಎಂಬ ಒಂದು ಅಮೈನೊ ಆಮ್ಲಕ್ಕೆ ಅಂಟಿಕೊಂಡು ಕೂರುತ್ತದೆ. ಅದಕ್ಕೇ ಇಂಥ ಪ್ರೋಟೀನುಗಳ ದ್ರಾವಣ ನಿಂಬೆಹಣ್ಣಿನ ತೆಳು ಹಳದಿ ಬಣ್ಣದಲ್ಲಿರುತ್ತದೆ, 420 ನ್ಯಾನೊಮೀಟರಿನ ಹತ್ತಿರ ಬೆಳಕನ್ನು ಹೀರುತ್ತದೆ. ಶುದ್ಧೀಕರಿಸುವಾಗ ಸ್ವಲ್ಪ ಪಿಎಲ್‌ಪಿ ಕಳಚಿಹೋಗುತ್ತದೆ. ಖಾಲಿಯಾದ ಕಿಣ್ವ ಕೆಲಸ ಮಾಡುವುದಿಲ್ಲ, ಆದರೆ ಪ್ರೋಟೀನ್ ಅಳೆದಾಗ ಲೆಕ್ಕಕ್ಕೆ ಮಾತ್ರ ಸೇರುತ್ತದೆ. ಒಟ್ಟು ಪ್ರೋಟೀನಿನಿಂದ ಭಾಗಿಸಿ ಕೆಕ್ಯಾಟ್ ಹೇಳಿದರೆ, ಅಂದರೆ ಒಂದು ಕಿಣ್ವಕಣ ಸೆಕೆಂಡಿಗೆ ಎಷ್ಟು ಸಲ ಕೆಲಸ ಮುಗಿಸುತ್ತದೆಂದು ಹೇಳಿದರೆ, ಅದು ನಿಜಕ್ಕಿಂತ ಕಡಿಮೆ. ಬೆಂಗಳೂರಿಗೆ ಈ ವಿಷಯ ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಅಪ್ಪಾಜಿ ರಾವ್ ಸೀರಿನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸ್ ಎಂಬ ಪಿಎಲ್‌ಪಿ ಕಿಣ್ವದ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. ಇಲ್ಲಿನ ಲ್ಯಾಬುಗಳಲ್ಲಿ ಈ ಅಳತೆಯನ್ನು ಮೊದಲ ವರ್ಷದಲ್ಲೇ ಕಲಿಸುತ್ತಾರೆ: ಪ್ರೋಟೀನನ್ನು ನೀರು ಬೆರೆಸಿ ತೆಳು ಮಾಡಿದ ಸೋಡಿಯಂ ಹೈಡ್ರಾಕ್ಸೈಡಿಗೆ ಹಾಕಿದರೆ ಪಿಎಲ್‌ಪಿ ಬಿಡಿಸಿಕೊಂಡು ಹೊರಬರುತ್ತದೆ, 388 ನ್ಯಾನೊಮೀಟರಿನಲ್ಲಿ ಅಳೆದರೆ ಎಷ್ಟಿತ್ತೆಂದು ತಿಳಿಯುತ್ತದೆ.

ಅವಳು ಅಳೆದಿದ್ದಳು. ಮುಕ್ಕಾಲು ಪಾಲು ತುಂಬಿತ್ತು. ಪೋಸ್ಟರಿನಲ್ಲಿ ಹಾಕಿರಲಿಲ್ಲ, ನೋಟ್‌ಬುಕ್ಕಿನಲ್ಲಿತ್ತು. ಹಾಗಾದರೆ ನಿಜವಾದ ವೇಗ ಪೋಸ್ಟರಿನಲ್ಲಿ ಬರೆದದ್ದಕ್ಕಿಂತ ಮೂರನೇ ಒಂದರಷ್ಟು ಹೆಚ್ಚು. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಜಿಆರ್‌ಸಿಯಲ್ಲಿ ಬಿಡುವು. ಆ ಬಿಡುವಿನಲ್ಲಿ ಕೂತು ಲೆಕ್ಕ ತಿದ್ದಿ, ಹಳದಿ ಅಂಟುಚೀಟಿಯ ಮೇಲೆ ಹೊಸ ಅಂಕಿ ಬರೆದು ಪೋಸ್ಟರಿನ ಮೂಲೆಯ ಚೌಕದ ಪಕ್ಕ ಅಂಟಿಸಿದಳು. ಮುದ್ರಿತ ಪೋಸ್ಟರಿನ ಮೇಲೆ ಕೈಬರಹ ಚೆನ್ನಾಗಿ ಕಾಣುವುದಿಲ್ಲವೆಂದು ಅವಳಿಗೆ ಅಳುಕು. ಆದರೆ ನಾಲ್ಕು ಗಂಟೆಗೆ ಬಂದವರೆಲ್ಲ ಮೊದಲು ಓದಿದ್ದು ಆ ಚೀಟಿಯನ್ನೇ. ಆ ಹಿರಿಯರು ಇಬ್ಬರನ್ನು ಕರೆದುಕೊಂಡು ಬಂದರು. ಎರಡು ಗಂಟೆ ಅವಳ ಪೋಸ್ಟರಿನ ಮುಂದೆ ಜಾಗ ಖಾಲಿಯಾಗಲಿಲ್ಲ.

ಮರುದಿನದ ಬಿಡುವಿನಲ್ಲಿ ಆ ಗುಂಪಿನ ಜೊತೆ ಬೆಟ್ಟದ ದಾರಿ ಹಿಡಿದಳು. ಪಕ್ಕದ ಟೆಕಮ್ಸೆ ಬೆಟ್ಟ ದಶಕಗಳ ಕಾಲ 4,003 ಅಡಿ ಎಂದು ಪಟ್ಟಿಯಲ್ಲಿತ್ತು, ಆಮೇಲೆ ಲೇಸರ್ ಬೆಳಕಿನಿಂದ ಅಳೆಯುವ ಲೈಡಾರ್ ಅಳತೆ ಬಂದು 3,995ಕ್ಕೆ ಇಳಿಯಿತು. ನಾಲ್ಕು ಸಾವಿರದ ಬೆಟ್ಟಗಳನ್ನೆಲ್ಲ ಹತ್ತಿ ಮುಗಿಸುವ ವ್ರತ ಹಿಡಿದವರಿಗೆ ಅದೊಂದು ಧರ್ಮಸಂಕಟ. ಅಳತೆಯಲ್ಲೇ ಮುಳುಗಿರುವ ಕಿಣ್ವದವರಿಗೆ ಇಂಥ ಸುದ್ದಿಯೆಂದರೆ ಖುಷಿ. ನಡೆಯುತ್ತಾ ಅವಳಿಗೆ ಸಿಕ್ಕಿದ್ದು, ಪಿಎಲ್‌ಪಿ ಕಳಚಿಹೋಗದಂತೆ ಶುದ್ಧೀಕರಿಸುವ ಒಂದು ಕ್ರಮ. ಅದು ಯಾವ ಲೇಖನದಲ್ಲೂ ಅಚ್ಚಾಗಿರಲಿಲ್ಲ.

ರಾತ್ರಿ ಭಾಷಣ ಮುಗಿದ ಮೇಲೂ ಮಾತು ನಿಲ್ಲುವುದಿಲ್ಲ, ಬಾರಿಗೆ ಜಾಗ ಬದಲಾಗುತ್ತದೆ ಅಷ್ಟೆ. ಕುಡಿಯದವರು ಕಿತ್ತಳೆ ರಸ ಹಿಡಿದು ಕೂರಬಹುದು, ಯಾರೂ ಕೇಳುವುದಿಲ್ಲ. ಮನೆಗೆ ಫೋನು ಮಾಡಿದಾಗ ಹಿನ್ನೆಲೆಯ ಗದ್ದಲ ಕೇಳಿ ಅಪ್ಪ, 'ರಾತ್ರಿ ಹನ್ನೊಂದಕ್ಕೂ ಮೀಟಿಂಗೇನೇ?' ಎಂದರಂತೆ. 'ಹೌದು ಅಪ್ಪಯ್ಯ, ಇಲ್ಲಿ ಮೀಟಿಂಗು ಅಂದ್ರೆ ಇದೇಯ.'

ಬಿಲ್ಲು

ವಾಪಸ್ ಬಂದ ಮೇಲೆ ಹಣ ಕೊಟ್ಟ ಸಂಸ್ಥೆಯಿಂದ ಪ್ರಶ್ನೆಗಳು ಶುರುವಾದವು. ಸಮ್ಮೇಳನದ ನಡಾವಳಿಯಲ್ಲಿ ಪ್ರಕಟವಾದ ಪ್ರಬಂಧದ ಪ್ರತಿ ಎಲ್ಲಿ? ಇಲ್ಲ, ಇಂಥ ಸಮ್ಮೇಳನದಲ್ಲಿ ಪ್ರಕಟಣೆಯೇ ಇಲ್ಲ ಎಂದು ನಿಯಮದ ಪ್ರತಿ ಕಳಿಸಿದೆವು. ನೋಂದಣಿ ಶುಲ್ಕದಲ್ಲಿ ಊಟ ವಸತಿ ಎಷ್ಟು, ಬರೀ ನೋಂದಣಿ ಎಷ್ಟು? ಒಟ್ಟು ಮೊತ್ತ ಒಂದೇ ಸಾಲಿನಲ್ಲಿತ್ತು. ಆಯೋಜಕರಿಗೆ ಬರೆದು ವಿವರಣೆಯ ಪತ್ರ ತರಿಸಿಕೊಂಡೆವು. ಬೋರ್ಡಿಂಗ್ ಪಾಸಿನ ತುಂಡುಗಳು ಎಲ್ಲ ಇದ್ದವು, ಏಕೆಂದರೆ ಹೋಗುವಾಗಲೇ ಅವನ್ನು ಪಾಸ್‌ಪೋರ್ಟಿನ ಜೊತೆ ಇಡು, ಬಟ್ಟೆಯ ಜೇಬಿನಲ್ಲಿಡಬೇಡ ಎಂದು ಹೇಳಿದ್ದೆ. ನ್ಯೂಯಾರ್ಕ್ ಬಾಸ್ಟನ್ ಬಸ್ಸಿನ ಹಣ ಕೊನೆಗೂ ಸಿಗಲಿಲ್ಲ. ಈ ಎರಡು ಪತ್ರಗಳನ್ನೂ, ಶುಲ್ಕದ ವಿವರವನ್ನೂ ನಡಾವಳಿ ಇಲ್ಲ ಎಂಬುದನ್ನೂ, ಹೊರಡುವ ಮೊದಲೇ ಆಯೋಜಕರಿಂದ ಕೇಳಿ ತರಿಸಿಟ್ಟುಕೊಳ್ಳುವುದು ಜಾಣತನ.

ಲ್ಯಾಬಿನಲ್ಲಿ ಅವಳು ಸೆಮಿನಾರ್ ಕೊಟ್ಟಾಗ ಬೇರೆಯವರ ಫಲಿತಾಂಶಗಳನ್ನು ಹೇಳಲಿಲ್ಲ. ಬೆಟ್ಟದ ದಾರಿಯಲ್ಲಿ ಸಿಕ್ಕ ಕ್ರಮವನ್ನು ಬಳಸುವ ಮೊದಲು ಕೊಟ್ಟವರಿಗೆ ಇಮೇಲ್ ಮಾಡಿ ಒಪ್ಪಿಗೆ ಪಡೆದಳು. ಮುಂದಿನ ಲೇಖನದಲ್ಲಿ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಬಂತು.

ಅಂದಿನಿಂದ ಬದಲಾದದ್ದು ಬಹಳ. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಪಾಲಾಯಿತು, ಅದರಲ್ಲೇ ಹೋಗಬೇಕೆಂಬ ನಿಯಮ ಹೋಯಿತು. ಸರ್ಕಾರಿ ಹಣದ ಟಿಕೆಟನ್ನು ಬಾಲ್ಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲೊಂದರ ಮೂಲಕವೇ ಕೊಳ್ಳಬೇಕೆಂಬುದು 2022ರಲ್ಲಿ ಮತ್ತೆ ಒತ್ತಿ ಹೇಳಿದ ನಿಯಮ. ಅಗ್ಗವೆಂದು ಬೇರೆ ಕಡೆ ಕೊಂಡರೆ ಬಿಲ್ಲು ಪಾಸಾಗುವುದಿಲ್ಲ. ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರ ಸರ್ಕಾರದ ಸಂಸ್ಥೆ ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್ ಎಂಬ ಹೊಸ ಸಂಸ್ಥೆಯಲ್ಲಿ ಸೇರಿಹೋಗಿದೆ, ಹಳೆಯ ಅರ್ಜಿ ನಮೂನೆಗಳನ್ನು ಇಟ್ಟುಕೊಂಡು ಕೂರಬೇಡಿ. ವೀಸಾ ಶುಲ್ಕ ಅವಳು ಕಟ್ಟುವಾಗ 160 ಡಾಲರ್, 2023ರ ಜೂನಿನಲ್ಲಿ 185 ಆಯಿತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದಾಗ ವೀಸಾ ಸೇವೆ ಅದರಲ್ಲಿ ಇರಲಿಲ್ಲ. ಕೋವಿಡ್ ಆದ ಮೇಲೆ ಸಂದರ್ಶನದ ದಿನ ಸಿಗುವುದೇ ತಿಂಗಳುಗಟ್ಟಲೆ ತಡವಾದದ್ದೂ ಉಂಟು. ಈಗ ನನ್ನ ಹತ್ತಿರ ಕಡತ ಕೇಳಲು ಬರುವವರಿಗೆ ನಾನು ಮೊದಲು ಚೆನ್ನೈ ಸಂದರ್ಶನಕ್ಕೆ ಯಾವ ದಿನ ಖಾಲಿಯಿದೆ ನೋಡಿಕೊಂಡು ಬಾ ಎನ್ನುತ್ತೇನೆ. ಅದು ಜೂನಿನ ಕೊನೆಗೆ ಬಿದ್ದರೆ ಜುಲೈ ಸಮ್ಮೇಳನ ಬಿಟ್ಟು ಮುಂದಿನ ವರ್ಷದ್ದಕ್ಕೆ ಹಾಕು ಎಂದು ಹೇಳಿ ಕಳಿಸುತ್ತೇನೆ.